ಎಂಟನೇ ಕಲಮಿನ ಬಾವಿ

ಕಾನೂನು ಓದುವುದಕ್ಕೆ ಬುದ್ಧಿ ಬೇಕೆಂದು ಜನ ತಿಳಿದಿದ್ದಾರೆ. ಅದು ತಪ್ಪು. ಬೇಕಾದದ್ದು ಎ ಮತ್ತು ಬಿ ಎಂಬ ಇಬ್ಬರು ಮನುಷ್ಯರ ಮೇಲೆ ಅಪಾರವಾದ ತಾಳ್ಮೆ.

ಕಾನೂನಿನ ಪುಸ್ತಕದಲ್ಲಿ ಪ್ರತಿಯೊಂದು ಕಲಮಿನ ಕೆಳಗೂ ಉದಾಹರಣೆಗಳಿರುತ್ತವೆ. ಎ ಎಂಬವನು ಬಿಗೆ ಕುದುರೆ ಮಾರುತ್ತಾನೆ. ಎ ಎಂಬವನು ಝಡ್ ಎಂಬವನ ಜಮೀನಿನಲ್ಲಿ ಮರ ಕಡಿಯುತ್ತಾನೆ. ಇವರಿಗೆ ಮುಖವಿಲ್ಲ, ಊರಿಲ್ಲ, ಹೆಂಡತಿಮಕ್ಕಳಿಲ್ಲ. ಊಟಕ್ಕೆ ಮುಂಚೆ ಓದಿದರೆ ಊಟ ಮುಗಿಯುವಷ್ಟರಲ್ಲಿ ಮರ ಕಡಿದವನು ಯಾರು, ಕಳೆದುಕೊಂಡವನು ಯಾರು ಎಂಬುದು ನನ್ನ ತಲೆಯಲ್ಲಿ ಅದಲುಬದಲಾಗುತ್ತಿತ್ತು. ಮದ್ರಾಸಿನ ಕಾಲೇಜಿನಲ್ಲಿ ನಡೆದ ಒಂದು ಕಿರುಪರೀಕ್ಷೆಯಲ್ಲಿ ನಾನು ಮರ ಕಳೆದುಕೊಂಡವನಿಗೇ ಮೂರು ವರ್ಷ ಸಜೆ ಕೊಟ್ಟೆ. ನಮ್ಮ ಪ್ರೊಫೆಸರರು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಗುರುಪಾದಸ್ವಾಮಿ, ನೀನು ವಕೀಲನಾಗುವುದಕ್ಕಿಂತ ನೇರವಾಗಿ ನ್ಯಾಯಾಧೀಶನಾಗಿಬಿಡು" ಎಂದರು. ಹೊಗಳಿದರೆಂದು ತಿಳಿದು ನಾನು ಅವತ್ತೇ ಕಾಮಗೆರೆಗೆ ಕಾಗದ ಬರೆದೆ. ಅವ್ವ ಅದನ್ನು ಊರಿಗೆಲ್ಲ ಓದಿಸಿದಳು.

ಆಮೇಲೆ ನಾನೊಂದು ಉಪಾಯ ಕಂಡುಹಿಡಿದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು, ಕಲಮುಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡೆ. ಎ, ಬಿ, ಝಡ್‌ಗಳ ಜಾಗದಲ್ಲಿ ನಮ್ಮೂರ ಜನರನ್ನು ಇಳಿಸಿದೆ. ಎ ಎಂದರೆ ನಮ್ಮ ಪಕ್ಕದ ಮನೆಯ ದೊಡ್ಡಮಾದಪ್ಪ. ಬಿ ಎಂದರೆ ಅವನ ತಮ್ಮ ಚಿಕ್ಕಮಾದಪ್ಪ. ಝಡ್ ಎಂದರೆ ಎದುರುಮನೆಯ ಮಹಾದೇವಮ್ಮ. ಝಡ್‌ನ ವಸ್ತುಗಳು ಸದಾ ಕಳುವಾಗುತ್ತವೆ, ಮಹಾದೇವಮ್ಮನಿಗೂ ಹಾಗೆಯೇ ಅನ್ನಿಸುತ್ತಿತ್ತು. ಏನು ಹೇಳಲಿ, ಕಾನೂನೆಲ್ಲ ಕಣ್ಣಿಗೆ ಕಟ್ಟಿತು. ದೊಡ್ಡಮಾದಪ್ಪ ಪೊದೆಯ ಹಿಂದೆ ಗುಂಡು ಹಾರಿಸಿದ, ಗುಂಡಿಯ ಮೇಲೆ ಸೊಪ್ಪು ಹೊದಿಸಿದ, ಗಂಜಿಯಲ್ಲಿ ವಿಷ ಬೆರೆಸಿದ. ಇಷ್ಟು ಸಾಧು ಮನುಷ್ಯ ಇಷ್ಟೆಲ್ಲ ಮಾಡಿದನೆಂದ ಮೇಲೆ ಮರೆಯುವುದಾದರೂ ಹೇಗೆ?

ಪರೀಕ್ಷೆ ಪಾಸಾಗಲೇಬೇಕಾದ ಕಾರಣವೊಂದಿತ್ತು. ಆ ಕಾರಣದ ಹೆಸರು ಶಿವರತ್ನಮ್ಮ. ಹೊನ್ನೂರಿನ ನನ್ನ ಸೋದರಮಾವ ಶಿವರುದ್ರಸ್ವಾಮಿಯವರ ಮಗಳು. ನಮ್ಮಲ್ಲಿ ಸೋದರಮಾವನ ಮಗಳೆಂದರೆ ಕೇಳುವ ಮೊದಲ ಹಕ್ಕು ನಮ್ಮದೇ. ಆದರೆ ಮಾವ ಬಾಯಿಬಿಟ್ಟು ಹೇಳಿದ್ದರು: "ಎಫ್.ಎಲ್. ಪಾಸ್ ಮಾಡ್ಕಂಡ್ ಬಾ, ಆಮೇಲೆ ಮಿಕ್ಕ ಮಾತು." ಎಫ್.ಎಲ್. ಎಂದರೆ ವಕೀಲಿಯ ಮೊದಲ ಪರೀಕ್ಷೆ. ರತ್ನ ಯಳಂದೂರಿನ ಮಾಧ್ಯಮಿಕ ಶಾಲೆಯಲ್ಲಿ ಎಲ್.ಎಸ್. ಪರೀಕ್ಷೆಯ ತನಕ ಓದಿದವಳು. ರಜೆಗೆ ನಮ್ಮ ಮನೆಗೆ ಬಂದಾಗ ಊರಾಚೆಯ ಬಾವಿಯಿಂದ ಅವ್ವನ ಜೊತೆ ಕೊಡ ಹೊತ್ತು ತರುತ್ತಿದ್ದಳು. ಹೊನ್ನೂರಿನವರಿಗೆ ಗದ್ದೆ, ಕಬ್ಬು, ತೆಂಗು, ಹಿತ್ತಲಲ್ಲೇ ನೀರು. ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡು, "ಇಲ್ಲಿ ಎಲ್ಲಾ ಚಂದಾಗದೆ ಅತ್ತೆ, ನೀರೊಂದೇ ದೂರ" ಎನ್ನುತ್ತಿದ್ದಳು. ಅವಳು ಅವ್ವನಿಗೆ ಹೇಳುತ್ತಿದ್ದ ಮಾತನ್ನು ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಚುರುಕು.

ಇನ್ನೂರು ಪುಟದ ಆ ಪುಸ್ತಕದಲ್ಲಿ ರತ್ನನ ಹೆಸರು ಯಾವ ಅಪರಾಧದಲ್ಲಿಯೂ ಇರಲಿಲ್ಲ. ಒಂದೇ ಒಂದು ಕಡೆ ಇತ್ತು. ಕರಾರಿನ ಕಾಯಿದೆಯಲ್ಲಿ ಒಬ್ಬ ಪ್ರಸ್ತಾಪ ಕಳುಹಿಸಬೇಕು, ಇನ್ನೊಬ್ಬರು ಒಪ್ಪಬೇಕು, ಆಗ ಕರಾರು. ಅದಕ್ಕೆ ಉದಾಹರಣೆಯಾಗಿ ನಾನು ಬರೆದದ್ದು ಹೀಗೆ: "ಕಾಮಗೆರೆಯ ಗುರುಪಾದಸ್ವಾಮಿ ತನ್ನ ಮನೆಯನ್ನು ಹೊನ್ನೂರಿನ ಶಿವರತ್ನಮ್ಮನಿಗೆ ಒಪ್ಪಿಸಲು ಸಿದ್ಧನಾಗಿದ್ದಾನೆ. ಶಿವರತ್ನಮ್ಮ..." ಮುಂದೆ ಬರೆಯಲು ಧೈರ್ಯ ಸಾಲದೆ ಚುಕ್ಕಿ ಇಟ್ಟು ನಿಲ್ಲಿಸಿದ್ದೆ.

ಆ ವರ್ಷ ಯುಗಾದಿಗೆ ಹೊನ್ನೂರಿಗೆ ಹೋದವನು ನೋಟ್‌ಬುಕ್ಕನ್ನು ಮಾವನ ಮನೆಯ ಜಗಲಿಯ ಮೇಲೆ ಮರೆತು ಬಂದೆ. ಮರೆತೆನೆಂದೇ ಇವತ್ತಿಗೂ ಹೇಳುತ್ತೇನೆ. ಪ್ರಮಾಣ ಮಾಡಿ ಎಂದರೆ ಸ್ವಲ್ಪ ಯೋಚಿಸುತ್ತೇನೆ.

ಪರೀಕ್ಷೆಗೆ ಮೂರು ವಾರವಿತ್ತು. ಯಳಂದೂರಿನಿಂದ ಕೊಳ್ಳೇಗಾಲದ ಮೇಲೆ ಹನೂರಿಗೆ ಹೋಗುವ ಬಸ್ಸು ದಿನಕ್ಕೊಂದು. ಅದರ ಕಂಡಕ್ಟರ್ ಗೋವಿಂದಯ್ಯ ಎರಡು ಸೀಮೆಯ ನೆಂಟರಿಗೂ ಟಪಾಲು ಕಚೇರಿಯಿದ್ದಂತೆ. ನಾನು ದಿನವೂ ಹುಣಸೆಮರದ ಕೆಳಗೆ ನಿಂತು ಕಾದೆ. ಓದುವುದಿಲ್ಲವೇ ಎಂದು ಕೇಳಿದವರಿಗೆ, ಪುಸ್ತಕ ಬರುವುದನ್ನು ಕಾಯುತ್ತಿದ್ದೇನೆ ಎಂದೆ. ಅದು ನಿಜವೇ.

ಐದನೆಯ ದಿನ ಗೋವಿಂದಯ್ಯ ಬಸ್ಸಿನಿಂದ ಇಳಿದವನು ಬರಿಗೈಯಲ್ಲಿ ಇಳಿದ.

"ನಿಮ್ಮ ಪುಸ್ತಕ ತತ್ತಾ ಇದ್ದೆ ಸ್ವಾಮಿ. ರತ್ನಮ್ಮಾರು ಬಟ್ಟೇಲಿ ಸುತ್ತಿ ಕೊಟ್ಟಿದ್ರು. ಚೌಕೀಲಿ ಕಿತ್ಕಂಡ್ರು."

ಅದು ಲಡಾಯಿಯ ಕಾಲ. ಕೊಳ್ಳೇಗಾಲ ಮದ್ರಾಸಿನವರದು, ಯಳಂದೂರು ಮೈಸೂರಿನವರದು. ಆ ಕಡೆಯ ಅಕ್ಕಿ ಈ ಕಡೆಗೆ ಬರಬಾರದೆಂದು ಗಡಿಯಲ್ಲಿ ಚೌಕಿ ಹಾಕಿ, ಬಟ್ಟೆ ಸುತ್ತಿದ್ದನ್ನೆಲ್ಲ ಬಿಚ್ಚಿ ನೋಡುತ್ತಿದ್ದರು. ನನ್ನ ಗಂಟಿನಲ್ಲಿ ಅಕ್ಕಿ ಇರಲಿಲ್ಲ. ಅಕ್ಕಿಗಿಂತ ದೊಡ್ಡ ಅಪರಾಧಗಳಿದ್ದವು.

"ದಫೇದಾರ್ರು ಪುಟ ತಿರುವಿ ಓದಿದ್ರು ಸ್ವಾಮಿ. ಓದ್ತಾ ಓದ್ತಾ ಎದ್ದು ನಿಂತ್ಕಂಡ್ರು. ಟೋಪಿ ಆಕ್ಕಂಡ್ರು. 'ಕಾಮಗೆರೇಲಿ ಇಷ್ಟೊಂದು ಜನ ಸತ್ತವ್ರಾ?' ಅಂದ್ರು."

"ಹೋಗಲಿ ಗೋವಿಂದಯ್ಯ, ರತ್ನ ಏನಾದರೂ ಹೇಳಿದಳಾ?"

"'ಒಳ್ಗೆ ಒಂದ್ ಪುಟ ಅದೆ, ನೋಡಿ ಅನ್ನಿ' ಅಂದ್ರು."

ಯಾವ ಪುಟವೆಂದು ನಾನು ಕೇಳಲಿಲ್ಲ. ಅಷ್ಟು ಸಂತೋಷವೂ ಅಷ್ಟು ಭಯವೂ ಒಟ್ಟಿಗೆ ನನಗೆ ಮತ್ತೆಂದೂ ಆಗಿಲ್ಲ.

ಪುಸ್ತಕ ಗಡಿ ದಾಟಿ ನಮ್ಮ ಕಡೆಯ ಒಂದು ಠಾಣೆ ಸೇರಿತು. ಯಾವ ಠಾಣೆಯೆಂದು ಹೇಳುವುದಿಲ್ಲ; ಕಕ್ಷಿಗಾರರಿಗಾಗಿ ನಾನು ಈಗಲೂ ಅಲ್ಲಿಗೆ ಹೋಗಿಬರಬೇಕು. ಎರಡು ದಿನಕ್ಕೆ ಕಾನ್‌ಸ್ಟೇಬಲ್ ಪುಟ್ಟಸಿದ್ದಯ್ಯ ಸೈಕಲ್ ಏರಿ ಕಾಮಗೆರೆಗೆ ಬಂದು, ನಮ್ಮ ಬೀದಿಯಲ್ಲಿ ನಿಂತು ಚೀಟಿ ತೆಗೆದ.

"ಇಲ್ಲಿ ದೊಡ್ಡಮಾದಪ್ಪ ಅನ್ನೋನು ಯಾರು?"

"ನಾನೇ ಸಾ."

"ಚಿಕ್ಕಮಾದಪ್ಪನ್ನ ಯಾಕ್ಲಾ ಕೊಂದೆ?"

ದೊಡ್ಡಮಾದಪ್ಪ ತಿರುಗಿ ಪಕ್ಕದಲ್ಲಿದ್ದ ತಮ್ಮನ ಮುಖ ನೋಡಿದ. ತಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಮುಂದೆ ಬಂದ.

"ಚಿಕ್ಕಮಾದಪ್ಪ ನಾನೇ ಕಣ್ರಿ ಸಾ."

"ಬದುಕಿದ್ದೀಯಾ?"

"ಬೆಳಿಗ್ಗೆ ಮುದ್ದೆ ಉಂಡಿವ್ನಿ ಸಾ."

ಪುಟ್ಟಸಿದ್ದಯ್ಯ ಚೀಟಿಯನ್ನೂ ಚಿಕ್ಕಮಾದಪ್ಪನನ್ನೂ ಎರಡೆರಡು ಸಲ ನೋಡಿದ. "ಇದ್ರಲ್ಲಿ ನಾಕ್ ಸಲ ಸತ್ತಿದ್ದೀಯ. ಪೊದೆ ಹಿಂದೆ ಒಂದ್ ಸಲ, ಗುಂಡೀಲಿ ಬಿದ್ದು ಒಂದ್ ಸಲ, ವಿಷದ ಗಂಜಿ ಕುಡಿದು ಎರಡ್ ಸಲ."

"ಗಂಜಿಯಾ?" ಎಂದು ಚಿಕ್ಕಮಾದಪ್ಪ ಅಣ್ಣನ ಕಡೆ ತಿರುಗಿದ. "ನೀನು ನಂಗೆ ಗಂಜಿ ಕೊಟ್ಟಿದ್ದು ಯಾವಾಗಣ್ಣ?"

"ನಾನ್ ಯಾವತ್ತೂ ಕೊಟ್ಟಿಲ್ಲ ಕಣ್ಲಾ, ನಮ್ಮಪ್ಪನಾಣೆ!"

"ಅದೇ ನಾನೂ ಏಳೋದು! ಓದ್ ವರ್ಸ ಎಂಟ್ ದಿನ ಜರ ಬಂದು ಮಲಗಿದ್ನಲ್ಲ, ಒಂದ್ ಬಟ್ಲು ಗಂಜಿ ತಂದ್ ಕೊಟ್ಯಾ? ವಿಷ ಇರ್ಲಿ, ಬರೀ ಗಂಜಿ ಕೊಟ್ಯಾ?"

ಅಣ್ಣತಮ್ಮಂದಿರು ಮೂವತ್ತು ವರ್ಷ ಒಂದೇ ಒಲೆಯ ಮೇಲೆ ಬೇಯಿಸಿಕೊಂಡು ತಿಂದವರು. ಭಾಗವಾದ ಮೇಲೂ ಜಗಳವಾಡಿರಲಿಲ್ಲ. ಅವತ್ತು ಗಂಜಿಯಿಂದ ಶುರುವಾಗಿ ಬೇವಿನ ಕೊಂಬೆ, ಕಲ್ಲಿನ ಗುಂಡು, ಯಾರದೋ ಮದುವೆಯಲ್ಲಿ ಕೊಡದೆ ಬಿಟ್ಟ ವೀಳ್ಯದ ತನಕ ಹೋಯಿತು.

ಅಷ್ಟರಲ್ಲಿ ಪುಟ್ಟಸಿದ್ದಯ್ಯ ಮುಂದಿನ ಸಾಲು ಓದಿದ. "ಇದೇ ದೊಡ್ಡಮಾದಪ್ಪ ಜೇಬಿನಲ್ಲಿ ತಿಂಡಿ ಇಟ್ಟುಕೊಂಡು, ಆಸೆ ತೋರಿಸಿ, ಮಹಾದೇವಮ್ಮನ ನಾಯನ್ನ ಹಿಂದೆ ಕರ್ಕಂಡು ಹೋಗಿದ್ದಾನೆ."

ಬೀದಿಯ ಜನವೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಮಹಾದೇವಮ್ಮನ ನಾಯಿ ದೊಡ್ಡಮಾದಪ್ಪನ ಜಗಲಿಯ ಕೆಳಗೆ ಮಲಗಿತ್ತು. ತನ್ನ ಸುದ್ದಿ ಬಂತೆಂದು ಬಾಲ ಅಲ್ಲಾಡಿಸಿತು.

"ಅಯ್ಯೋ, ಅದ್ಕೇ ಅನ್ನು!" ಎಂದು ಮಹಾದೇವಮ್ಮ ಎದೆಗೆ ಕೈಹಚ್ಚಿದಳು. "ಒಂದ್ ವರ್ಸದಿಂದ ನಮ್ಮನೆ ಬಾಗ್ಲು ಕಾಯ್ತಿಲ್ಲ ಇದು!"

"ಸಾ, ನಾನು ಪಂಚೆ ಉಡೋನು. ನಂಗೆ ಜೇಬೇ ಇಲ್ಲ!" ಎಂದ ದೊಡ್ಡಮಾದಪ್ಪ. ಅವತ್ತು ಕಾಮಗೆರೆಯಲ್ಲಿ ಕೇಳಿಬಂದ ಒಂದೇ ಒಂದು ಕಾನೂನಿನ ವಾದ ಅದು.

ಗಲಾಟೆ ಕೇಳಿ ನಾನು ಓಡಿಬಂದೆ. ಎ ಎಂದರೇನು, ಬಿ ಎಂದರೇನು, ಉದಾಹರಣೆ ಎಂದರೇನು ಎಂದು ಬಾಯಿ ಒಣಗುವ ತನಕ ವಿವರಿಸಿದೆ. ದೊಡ್ಡಮಾದಪ್ಪ ಪೂರಾ ಕೇಳಿ, "ಈ ಎ ಅನ್ನೋನು ಯಾರಪ್ಪ?" ಎಂದ.

"ಯಾರೂ ಅಲ್ಲ."

"ಯಾರೂ ಅಲ್ದೋನು ಮಾಡಿದ್ನ ನನ್ ತಲೆಗ್ ಯಾಕಪ್ಪ ಕಟ್ಟೆ? ನಾನೇನ್ ಮಾಡಿದ್ದೆ ನಿಂಗೆ?"

ಊರ ಯಜಮಾನ ನಂಜಯ್ಯನವರು ನನ್ನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು: "ನನ್ ಹೆಸ್ರೇನಾರ ಅದಾ ಅದ್ರಲ್ಲಿ?" ಇಲ್ಲವೆಂದೆ. ಅವರು ನಿಟ್ಟುಸಿರು ಬಿಟ್ಟರು. ನಾಲ್ಕು ಹೆಜ್ಜೆ ಹೋದವರು ವಾಪಸು ಬಂದರು. "ಊರ್ಗೆ ಯಜಮಾನ ನಾನು. ಇಷ್ಟೊಂದು ಕಾನೂನ್ ಬರ್ದು, ನಂಗೆ ಒಂದ್ ಸಾಲು ಜಾಗ ಸಿಕ್ನಿಲ್ವಾ ನಿಂಗೆ?" ಆಮೇಲೆ ಆರು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ.

ಮಾರನೆಯ ದಿನ ನಾನು ಠಾಣೆಗೆ ಹೋದೆ. ಸಬ್ ಇನ್‌ಸ್ಪೆಕ್ಟರರು ತಮಿಳಿನವರು, ಕನ್ನಡ ಓದಲು ಬಾರದು. ಗುಮಾಸ್ತನಿಂದ ತಮಿಳು ಮಾಡಿಸಿಕೊಂಡು ಕೇಳುತ್ತಿದ್ದವರು ನಾಯಿಯ ಹತ್ತಿರಕ್ಕೆ ಬಂದಾಗ ಮೇಜು ಗುದ್ದಿ ನಕ್ಕುಬಿಟ್ಟರು. "ಇದು ದಂಡಸಂಹಿತೆ ಅಲ್ಲವಾ ತಂಬಿ! ನಾನೂ ಇದೇ ನಾಯಿಯನ್ನು ಓದಿ ಪಾಸಾದವನು." ಕೊಲೆಗಳೂ ಕಳ್ಳತನಗಳೂ ಆ ನಗುವಿನಲ್ಲೇ ಮುಗಿದುಹೋದವು. ಪುಸ್ತಕ ಮಾತ್ರ ಮುಗಿಯಲಿಲ್ಲ. ಮೈಸೂರಿನವರು ಹಿಡಿದು ಮದ್ರಾಸಿನವರಿಗೆ ಒಪ್ಪಿಸಿದ ವಸ್ತು. ವಾಪಸು ಕೊಡಬೇಕಾದರೆ ಎರಡು ಸರ್ಕಾರವೂ ಒಪ್ಪಬೇಕು.

"ಒಂದು ಪುಟ ನೋಡಿ ವಾಪಸು ಕೊಡುತ್ತೇನೆ" ಎಂದೆ.

"ಯಾವ ಪುಟ?"

"ಕರಾರಿನ ಕಾಯಿದೆ. ಪ್ರಸ್ತಾಪ."

"ಅದರಲ್ಲಿ ಕೊಲೆ ಇಲ್ಲವಲ್ಲ. ಏನು ಅವಸರ?"

ಅಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. ಸ್ವಾಮಿ, ನನ್ನ ಮಾವನ ಮಗಳು ಅದರಲ್ಲಿ ಏನೋ ಬರೆದಿದ್ದಾಳೆ, ಅದು ನನಗೆ ಬೇಕು ಎಂದು. ಆ ಮನುಷ್ಯ ನಗುವ ಸ್ವಭಾವದವರು, ಕೊಟ್ಟೇಬಿಡುತ್ತಿದ್ದರು. ಆದರೆ ನಾನು ಕಾನೂನಿನ ವಿದ್ಯಾರ್ಥಿ. ಎದೆ ಮುಂದೆ ಮಾಡಿ, ದಸ್ತಾವೇಜನ್ನು ಪರಿಶೀಲಿಸುವ ಹಕ್ಕಿನ ಬಗ್ಗೆ ಅರ್ಧ ಗಂಟೆ ವಾದ ಮಾಡಿದೆ. ನಾಲ್ಕು ಕಲಮು ಹೇಳಿದೆ. ಅದರಲ್ಲಿ ಎರಡು ನಿಜವಾಗಿಯೂ ಇದ್ದವು. ಸಬ್ ಇನ್‌ಸ್ಪೆಕ್ಟರರ ಮುಖದಲ್ಲಿದ್ದ ನಗು ಮೆಲ್ಲಮೆಲ್ಲಗೆ ಆರಿಹೋಯಿತು. "ಇಷ್ಟೆಲ್ಲ ಕಾನೂನು ಇದ್ದ ಮೇಲೆ ಕಾನೂನಿನ ಪ್ರಕಾರವೇ ಆಗಲಿ" ಎಂದು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಗಂಟಿನ ಮೇಲೆ ಅರಗು ಹಾಕಿಸಿದರು. ರತ್ನ ಸುತ್ತಿದ ಬಟ್ಟೆ ಅದು. ಅವಳ ಹಳೆಯ ಲಂಗದ ಅಂಚು ನನಗೆ ಗುರುತು ಸಿಕ್ಕಿತು.

ಮಾವ ಗಾಡಿ ಕಟ್ಟಿಸಿಕೊಂಡು ಕಾಮಗೆರೆಗೆ ಬಂದರು. ಒಳಗೆ ಬರಲಿಲ್ಲ. ಅವ್ವ ಚನ್ನಮಲ್ಲಮ್ಮ ನೀರು ಕೊಟ್ಟರೆ ಚೊಂಬು ಕೆಳಗಿಟ್ಟರು.

"ಬರಿಯಕ್ಕೆ ಬ್ಯಾರೆ ಏನೂ ಸಿಕ್ನಿಲ್ವಾ ಇವ್ನ್ಗೆ? ಪೋಲೀಸ್ನೋರು ನಮ್ಮನೆಗೂ ಬಂದಿದ್ರು ಕಣಕ್ಕ. ಆ ಪುಸ್ತಕ ಕೊಟ್ಟೋರ್ ಯಾರು ಅಂತ ನನ್ ಮಗಳ್ನ ಬಾಗ್ಲಿಗೆ ಕರ್ದು ಕೇಳಿದ್ರು." ಆಮೇಲೆ ಅಕ್ಕನ ಮುಖ ನೋಡಿ ಸ್ವಲ್ಪ ದನಿ ಇಳಿಸಿದರು. "ಪಾಸಾಗ್ಲಿ. ಪಾಸಾದ್ರೆ ನೋಡಾನ. ಅಲ್ಲೀಗಂಟ ಹೊನ್ನೂರಿನ ಕಡೆ ತಲೆ ಹಾಕ್ಬಾರ್ದು."

ನಾನು ಮದ್ರಾಸಿಗೆ ಹೋಗಿ ಪರೀಕ್ಷೆಗೆ ಕೂತೆ. ಕರಾರಿನ ಪತ್ರಿಕೆಯ ಮೊದಲ ಪ್ರಶ್ನೆ: "ಒಪ್ಪಿಗೆಯು ಯಾವಾಗ ತಲುಪಿದಂತಾಗುತ್ತದೆ? ಉದಾಹರಣೆ ಕೊಟ್ಟು ವಿವರಿಸಿ." ಇಡೀ ಮದ್ರಾಸಿನಲ್ಲಿ ಆ ಪ್ರಶ್ನೆಯ ಬಗ್ಗೆ ನನ್ನಷ್ಟು ಯೋಚಿಸಿದವರು ಇನ್ನೊಬ್ಬರಿರಲಿಲ್ಲ. ಒಪ್ಪಿಗೆ ಬರೆದವಳು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟ ಕ್ಷಣವೇ ಪ್ರಸ್ತಾಪ ಮಾಡಿದವನು ಕಟ್ಟುಬಿದ್ದ ಎಂಬಲ್ಲಿಗೆ ಸರಿಯಾಗಿಯೇ ಬರೆದೆ. ಆಮೇಲೆ, ಚೌಕಿಯಲ್ಲಿ ತಡೆದರೆ ಹೇಗೆ, ಬರೆದದ್ದು ಒಪ್ಪಿಗೆಯೋ ಅಲ್ಲವೋ ತಿಳಿಯದೆ ಇದ್ದರೆ ಹೇಗೆ, ಕಂಡಕ್ಟರನ ಸಾಕ್ಷಿ ನಡೆಯುತ್ತದೆಯೇ ಎಂದು ಹನ್ನೊಂದು ಪುಟ ಬರೆದೆ. ಮಿಕ್ಕ ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ. ಆರು ನಂಬರಿನಲ್ಲಿ ಪರೀಕ್ಷೆ ಹೋಯಿತು.

ಮಾಘದಲ್ಲಿ ರತ್ನನನ್ನು ಸಂತೆಮರಹಳ್ಳಿ ಕಡೆಯ ಒಬ್ಬ ಗದ್ದೆಯಿದ್ದವರಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಮದುವೆಯಲ್ಲಿ ನಾನೇ ನಿಂತು ಪಾಯಸ ಬಡಿಸಿದೆ. ಎಲ್ಲರೂ ಹೊರಡುವಾಗ ರತ್ನ ತೆಂಗಿನಕಾಯಿ ಎಲೆಅಡಿಕೆ ಕೊಡಲು ಬಂದು, ತಲೆ ಎತ್ತದೆ ಕೇಳಿದಳು:

"ಪುಸ್ತಕ ಸಿಕ್ನಿಲ್ವಾ ಭಾವ?"

"ಇನ್ನೂ ಠಾಣೇಲೇ ಅದೆ ರತ್ನ."

"ನಾನು, ಸಿಕ್ಕೂ ನೀವು ಸುಮ್ನಿದ್ದೀರ ಅನ್ಕಂಡಿದ್ದೆ" ಎಂದಳು. ಹಿಂದಿದ್ದವರು ಮುಂದೆ ನಡೆಯಿರಿ ಎಂದರು. ನಾನು ಮುಂದೆ ನಡೆದೆ.

ಮೂರನೆಯ ಸಲಕ್ಕೆ ನಾನು ಪಾಸಾದೆ. ಮುಂದಿನ ಬಿ.ಎಲ್. ಪರೀಕ್ಷೆಯನ್ನೂ ಮುಗಿಸಿದೆ. ಕೊಳ್ಳೇಗಾಲದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿ, ಕರಿಕೋಟು ಹಾಕಿಕೊಂಡೆ. ಎ, ಬಿಗಳ ಕಷ್ಟ ತಪ್ಪಿತು. ಕೋರ್ಟಿಗೆ ಬರುವವರಿಗೆಲ್ಲ ಮುಖವಿರುತ್ತದೆ. ಮದುವೆ ಮಾತ್ರ ಆಗಲಿಲ್ಲ. ಅವ್ವ ಎಂಟು ವರ್ಷ ಹೆಣ್ಣು ನೋಡಿ ದಣಿದಳು. ನನಗೆ ರತ್ನ ಬೇಕಿತ್ತು. ಇದನ್ನು ಹೇಳಲು ಯಾವ ಕಲಮೂ ಬೇಡವೆಂದು ತಿಳಿಯುವಷ್ಟರಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ.

ಹೋದ ವರ್ಷ ಒಂದು ದಿನ ಕೋರ್ಟಿನಲ್ಲಿ ಕೂತಿದ್ದಾಗ ಹಳೆಯ ಜಪ್ತಿ ವಸ್ತುಗಳ ಪಟ್ಟಿ ಓದುತ್ತಿದ್ದರು. ಮುರಿದ ಕುಡುಗೋಲು ಎರಡು. ತಾಮ್ರದ ಹಂಡೆ ಒಂದು. "ನೋಟ್‌ಬುಕ್ ಒಂದು. ವಾರಸುದಾರರಿಲ್ಲ, ಸುಡತಕ್ಕದ್ದು."

ನಾನು ಎಷ್ಟು ಜೋರಾಗಿ ಎದ್ದೆನೆಂದರೆ ಬೆಂಚು ಹಿಂದಕ್ಕೆ ಬಿತ್ತು. "ವಾರಸುದಾರ ನಾನು ಸ್ವಾಮಿ!"

"ಏನು ಆಧಾರ?" ಎಂದರು ಮೇಲೆ ಕೂತಿದ್ದ ನ್ಯಾಯಾಧೀಶರು.

ಈ ಸಲ ನಾನು ಕಲಮು ಹೇಳಲಿಲ್ಲ. "ಅದರಲ್ಲಿ ನಮ್ಮ ಮಾವನ ಮಗಳ ಅಕ್ಷರ ಇದೆ ಸ್ವಾಮಿ" ಎಂದೆ. ಅವರು ನನ್ನ ಮುಖ ನೋಡಿ, ಕೊಟ್ಟುಬಿಡಿ ಎಂದರು. ಅಷ್ಟೇ. ಎರಡು ಸರ್ಕಾರ ಬೇಕಾಗಲಿಲ್ಲ.

ಕೋರ್ಟಿನ ಹಿಂದಿನ ಬೇವಿನಮರದ ಕೆಳಗೆ ಕೂತು ಅರಗು ಒಡೆದೆ. ನನ್ನ ಚುಕ್ಕಿಗಳ ಮೇಲೆ ರತ್ನನ ದುಂಡಗಿನ ಅಕ್ಷರ. "ಶಿವರತ್ನಮ್ಮ ಒಪ್ಪುತ್ತಾಳೆ. ಆದರೆ ಹಿತ್ತಲಲ್ಲಿ ಒಂದು ಬಾವಿ ತೋಡಿಸಬೇಕು."

ಎರಡು ಸಲ ಓದಿದೆ. ಆಮೇಲೆ ನನ್ನೊಳಗಿನ ವಕೀಲ ಎದ್ದ. ಕರಾರಿನ ಕಾಯಿದೆಯ ಏಳನೇ ಕಲಮಿನ ಪ್ರಕಾರ, ಷರತ್ತು ಹಾಕಿ ಒಪ್ಪಿದರೆ ಅದು ಒಪ್ಪಿಗೆಯಲ್ಲ. ಅದೊಂದು ಹೊಸ ಪ್ರಸ್ತಾಪ. ಅಂದರೆ ಪ್ರಸ್ತಾಪ ಈಗ ಅವಳದು, ಉತ್ತರ ಕೊಡಬೇಕಾದವನು ನಾನು. ಎಂಟನೇ ಕಲಮು ಹೇಳುತ್ತದೆ, ಬಾಯಲ್ಲಿ ಹೇಳಬೇಕಾಗಿಲ್ಲ, ಷರತ್ತಿನಲ್ಲಿರುವ ಕೆಲಸವನ್ನು ಮಾಡಿಬಿಟ್ಟರೆ ಅದೇ ಒಪ್ಪಿಗೆ. ಹೊತ್ತು ಮೀರಿತಲ್ಲ ಎಂದು ಯಾವ ವಕೀಲನಾದರೂ ಹೇಳುತ್ತಾನೆ. ನನಗೂ ಗೊತ್ತು.

ಕಾಮಗೆರೆಯ ಹಿತ್ತಲಲ್ಲಿ ಬಾವಿ ತೋಡಿಸಲು ಶುರುಮಾಡಿದೆ. ಗುದ್ದಲಿ ಹಿಡಿದವರು ದೊಡ್ಡಮಾದಪ್ಪ, ಚಿಕ್ಕಮಾದಪ್ಪರೇ.

"ಇರೋಳು ಅವ್ವ ಒಬ್ಳು. ನೀನು ಕೊಳ್ಳೇಗಾಲ್ದಲ್ಲಿರ್ತೀಯ. ಯಾರ್ಗಪ್ಪ ಈ ಬಾವಿ?" ಎಂದು ದೊಡ್ಡಮಾದಪ್ಪ ಕೇಳಿದ.

"ಎಂಟನೇ ಕಲಮಿಗೆ."

ಅವನ ಕೈಯಿಂದ ಗುದ್ದಲಿ ಜಾರಿತು. "ಇದ್ರಲ್ಲಿ ನಾನೇನ್ ಮಾಡಿವ್ನಪ್ಪ?"

"ಇದರಲ್ಲಿ ನೀನೇನೂ ಮಾಡಿಲ್ಲ. ತೋಡು."

ಮೂವತ್ತೆರಡು ಅಡಿಗೆ ನೀರು ಬಂತು. ಎರಡು ಸೀಮೆಯೂ ಇಷ್ಟರಲ್ಲೇ ಒಂದಾಗುತ್ತದೆ, ಗಡಿಯೇ ಇರುವುದಿಲ್ಲ ಎಂದು ಪತ್ರಿಕೆಯವರು ಬರೆಯುತ್ತಿದ್ದಾರೆ. ನನಗೇನೂ ಅವಸರವಿಲ್ಲ, ಗಡಿ ಹೋಗುವುದಾದರೆ ಪುಸ್ತಕ ಮರೆತ ಆ ಯುಗಾದಿಗೇ ಹೋಗಬೇಕಿತ್ತು.

ಮೊನ್ನೆ ಅವ್ವನಿಗೆ ಹುಷಾರಿಲ್ಲವೆಂದು ರತ್ನ ಎರಡು ಮಕ್ಕಳ ಜೊತೆ ನೋಡಿಕೊಂಡು ಹೋಗಲು ಬಂದಳು. ಅಭ್ಯಾಸದಂತೆ ಕೊಡ ಎತ್ತಿಕೊಂಡು ಬೀದಿಯ ಕಡೆ ಹೊರಟವಳನ್ನು ಅವ್ವ ಮಲಗಿದ್ದಲ್ಲಿಂದಲೇ ಕೂಗಿದಳು: "ಅಲ್ಲೀಗಂಟ ಯಾಕವ್ವ, ಹಿತ್ಲಲ್ಲೇ ಅದೆ."

ರತ್ನ ಹಿತ್ತಲಿಗೆ ಬಂದಳು. ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತು ಕಾಗದ ನೋಡುತ್ತಿದ್ದೆ. ಅವಳು ಬಾವಿ ನೋಡಿದಳು. ಹಗ್ಗ ಬಿಟ್ಟಳು, ಸೇದಿದಳು, ಕೊಡಕ್ಕೆ ಸುರಿದಳು.

"ಯಾವಾಗ ತೋಡ್ಸಿದ್ದು ಭಾವ?"

"ಪುಸ್ತಕ ಸಿಕ್ಕಿದ ಮೇಲೆ."

ಕೊಡ ತುಂಬಿತ್ತು. ಆದರೂ ಅವಳು ಇನ್ನೊಂದು ಸಲ ಹಗ್ಗ ಬಿಟ್ಟಳು.